ಕಿರಿದಾದ ಜಠರ: ಬೊಜ್ಜಿನ ಶಸ್ತ್ರಚಿಕಿತ್ಸೆಯ ನಂತರದ ಊಟ ಮತ್ತು ಬಾಳುವೆ

ಕಳೆದ ವರ್ಷ ಶ್ರಾವಣ ಮಾಸದ ಕಡೆಯ ಸೋಮವಾರ ಮಡಿವಾಳದ ನಮ್ಮ ಮನೆಯಲ್ಲಿ ನಡೆದುದನ್ನು ಹೇಳಿಯೇ ಈ ಲೇಖನವನ್ನು ಆರಂಭಿಸಬೇಕಾಗಿದೆ. ಪೂಜೆ ಮುಗಿದು, ಅಯ್ಯನವರ ಪ್ರಸಾದವೂ ಆಗಿ, ಮನೆಮಂದಿಯೆಲ್ಲ ಪಂಕ್ತಿಯಲ್ಲಿ ಕುಳಿತಿದ್ದೆವು. ನನ್ನ ತಂಗಿಯ ಮಗಳೂ ಬಂದಿದ್ದಳು. ವಯಸ್ಸು ೩೮. ಎರಡು ತಿಂಗಳ ಹಿಂದಷ್ಟೇ ಆಕೆಗೆ ಬೊಜ್ಜು ಇಳಿಸುವ ಶಸ್ತ್ರಚಿಕಿತ್ಸೆಯಾಗಿತ್ತು. ವಿಷಯ ನನಗೆ ತಿಳಿದಿತ್ತು. ಆದರೆ ತಿಳಿದಿದ್ದುದು ಕಿವಿಗೆ ಮಾತ್ರ. ಹೋಳಿಗೆ ಬಡಿಸುತ್ತಿದ್ದವನು ನಾನೇ. ಆಕೆ ತಟ್ಟೆಯ ಮೇಲೆ ಕೈಯಡ್ಡ ಹಿಡಿದಳು. ನಾನು ಬಿಡಲಿಲ್ಲ. "ಪ್ರಸಾದವನ್ನು ಬೇಡವೆನ್ನಬಾರದು ತಾಯಿ, ಒಂದೇ ಒಂದು" ಎಂದು ತುಪ್ಪ ಸಹಿತ ಬಡಿಸಿಬಿಟ್ಟೆ. ಹಿರಿಯರ ಮಾತನ್ನು ತೆಗೆದುಹಾಕಲಾಗದೆ ಆಕೆ ಅರ್ಧ ಹೋಳಿಗೆ ತಿಂದಳು. ಕಾಲು ಗಂಟೆ ಕಳೆಯುವುದರೊಳಗೆ ಮುಖವೆಲ್ಲ ಬೆವರಿತು, ಎದೆ ಡವಗುಟ್ಟಿತು, ಹೊಟ್ಟೆ ನುಲಿಯಿತು, ಎದ್ದು ಹೋಗಿ ವಾಂತಿ ಮಾಡಿಕೊಂಡು ಒಳಮನೆಯಲ್ಲಿ ಮಲಗಿಬಿಟ್ಟಳು.

ಸಂಜೆ ಚೇತರಿಸಿಕೊಂಡ ಮೇಲೆ ಆಕೆ ಹೇಳಿದ್ದು ಇಷ್ಟು: "ಮಾವ, ತಪ್ಪು ನಿಮ್ಮದಲ್ಲ. ಬೇಡ ಎನ್ನಲು ನನಗೇ ಬಾಯಿ ಬರಲಿಲ್ಲ. ಇದಕ್ಕೇ ನಾನು ಎಲ್ಲಿಗೂ ಊಟಕ್ಕೆ ಹೋಗುವುದನ್ನು ಬಿಟ್ಟಿದ್ದೇನೆ." ತಪ್ಪು ನನ್ನದೇ ಆಗಿತ್ತು. ಹನ್ನೆರಡು ವರ್ಷ ಮಠದಲ್ಲಿದ್ದು ಓದಿದವನು, ಸಾವಿರಾರು ಮಂದಿಗೆ ಬಡಿಸಿದವನು, ಒಬ್ಬ ಹೆಣ್ಣುಮಗಳ ತಟ್ಟೆಯ ಅಳತೆಯನ್ನು ಅರಿಯಲಾಗಲಿಲ್ಲ. ಮುಂದಿನ ತಿಂಗಳು ಆಕೆ ಆಹಾರತಜ್ಞೆಯ ಬಳಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ವೈದ್ಯರಿಂದಲೂ ಕೇಳಿ ತಿಳಿದುಕೊಂಡೆ, ಓದಿಯೂ ನೋಡಿದೆ. ಹಾಗೆ ತಿಳಿದುದನ್ನು ಬಂಧುಗಳ ಮುಂದಿಡುತ್ತಿದ್ದೇನೆ. ಇಂದು ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿದ್ದಾರೆ. ಬಹುಮಂದಿ ಅದನ್ನು ಮುಚ್ಚಿಟ್ಟುಕೊಂಡಿದ್ದಾರೆ.

೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕ ಮಹಿಳೆಯರಲ್ಲಿ ನೂರಕ್ಕೆ ೨೪ ಮಂದಿ, ಪುರುಷರಲ್ಲಿ ನೂರಕ್ಕೆ ಸುಮಾರು ೨೩ ಮಂದಿ ಅಧಿಕ ತೂಕದವರು. ಮಡಿವಾಳದಂತಹ ಬಡಾವಣೆಯಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಹೊಸೂರು ರಸ್ತೆಯ ಬದಿಯ ಈ ಊರು ಒಂದು ಕಾಲಕ್ಕೆ ಕೆರೆಯ ಕೆಳಗಿನ ಗದ್ದೆ ತೋಟಗಳ ಊರು. ಸೋಮೇಶ್ವರ ದೇವಾಲಯದ ಗೋಡೆಗಳ ಮೇಲೆ ಹದಿಮೂರನೆಯ ಶತಮಾನದ ತಮಿಳು ಶಾಸನಗಳು ಇಂದಿಗೂ ಇವೆ. ಮಡಿವಾಳ ಎಂದೊಡನೆ ನನ್ನಂಥವನಿಗೆ ಮೊದಲು ನೆನಪಾಗುವುದು ಮಾಚಿದೇವರ ಕಾಯಕ, ದಿನವಿಡೀ ಬೆನ್ನು ಬಾಗಿಸಿ ಬಟ್ಟೆ ಒಗೆಯುವ ದುಡಿಮೆ. ಇಂದು ಇಲ್ಲಿಂದ ಕಂಪನಿಗಳಿಗೆ ಹೋಗುವ ಮಕ್ಕಳು ಸಿಲ್ಕ್ ಬೋರ್ಡಿನ ವಾಹನಸಂದಣಿಯಲ್ಲಿ ಒಂದು ಗಂಟೆ, ಕಚೇರಿಯ ಕುರ್ಚಿಯಲ್ಲಿ ಒಂಬತ್ತು ಗಂಟೆ, ಮತ್ತೆ ಸಂದಣಿಯಲ್ಲಿ ಒಂದು ಗಂಟೆ ಕುಳಿತೇ ಕಳೆದು, ರಾತ್ರಿ ಹತ್ತಕ್ಕೆ ಊಟ ಮಾಡುತ್ತಾರೆ. ಅವರನ್ನು ಸೋಮಾರಿಗಳೆಂದು ಹಳಿಯುವುದು ಸುಲಭ. ಅದು ನ್ಯಾಯವಲ್ಲ. ಬೊಜ್ಜು ಬಾಯಿಚಪಲದಿಂದ ಮಾತ್ರ ಬರುವುದೆಂಬ ಹಳೆಯ ನಂಬಿಕೆಯನ್ನು ವೈದ್ಯಶಾಸ್ತ್ರ ಬಹಳ ಹಿಂದೆಯೇ ಬಿಟ್ಟಿದೆ. ವಂಶ, ನಿದ್ರೆ, ಹಾರ್ಮೋನು, ಔಷಧ ಎಲ್ಲವೂ ಅದರಲ್ಲಿ ಪಾಲುದಾರರು.

ಶಸ್ತ್ರಚಿಕಿತ್ಸೆ ಎಂದರೇನು ಎಂಬುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ೧೯೬೬ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು ಜಠರದ ಬೈಪಾಸ್ ವಿಧಾನವನ್ನು ಮೊದಲಿಗೆ ಮಾಡಿದರು. ಇಂದು ಹೊಟ್ಟೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿ ದೂರದರ್ಶಕದ ನೆರವಿನಿಂದ ಮಾಡುವ ಎರಡು ವಿಧಾನಗಳು ಹೆಚ್ಚು ಬಳಕೆಯಲ್ಲಿವೆ. 'ಸ್ಲೀವ್' ಎಂಬುದರಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು ಬಾಳೆಕಾಯಿಯಂತಹ ಕಿರಿದಾದ ಕೊಳವೆಯನ್ನಷ್ಟೇ ಉಳಿಸುತ್ತಾರೆ. ಹಸಿವನ್ನು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಮುಖ್ಯವಾಗಿ ತಯಾರಾಗುವುದು ತೆಗೆದುಹಾಕಿದ ಆ ಭಾಗದಲ್ಲಿಯೇ. ಆದುದರಿಂದ ಹಸಿವೂ ತಗ್ಗುತ್ತದೆ. 'ಬೈಪಾಸ್' ಎಂಬುದರಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು ೩೦ ಮಿಲಿಲೀಟರಿನ, ಎಂದರೆ ಎರಡು ದೊಡ್ಡ ಚಮಚದಷ್ಟು ಹಿಡಿಯುವ ಪುಟ್ಟ ಚೀಲವನ್ನು ಬೇರ್ಪಡಿಸಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ಆಹಾರವು ಉಳಿದ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಮುಂದೆ ಸಾಗುತ್ತದೆ. ನನ್ನ ಸೋದರಸೊಸೆಗೆ ಆದದ್ದು ಈ ಎರಡನೆಯದು. ಸಕ್ಕರೆ ಬೆಲ್ಲಗಳು ಆ ಚೀಲದಿಂದ ಒಮ್ಮೆಲೇ ಕರುಳಿಗೆ ಧುಮುಕಿದಾಗ ಶರೀರದ ನೀರು ಅತ್ತ ನುಗ್ಗಿ, ಬೆವರು, ಎದೆಬಡಿತ, ಹೊಟ್ಟೆನೋವು, ಭೇದಿ ಉಂಟಾಗುತ್ತವೆ. ವೈದ್ಯರು ಇದನ್ನು 'ಡಂಪಿಂಗ್' ಎನ್ನುತ್ತಾರೆ. ನನ್ನ ಹೋಳಿಗೆ ಮಾಡಿದ್ದು ಇದನ್ನೇ.

ಇಲ್ಲಿ ಒಂದು ತಪ್ಪುಕಲ್ಪನೆಯನ್ನು ನಿವಾರಿಸಬೇಕು. ೨೦೨೨ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವನಟಿಯೊಬ್ಬರು ಕೊಬ್ಬು ತೆಗೆಸಿಕೊಳ್ಳುವ ಶಸ್ತ್ರಕ್ರಿಯೆಯ ನಂತರ ತೀರಿಕೊಂಡ ಸುದ್ದಿ ನಾಡಿಗೆಲ್ಲ ತಿಳಿದಿದೆ. ಅದು ಚರ್ಮದ ಕೆಳಗಿನ ಕೊಬ್ಬನ್ನು ತೆಗೆಯುವ, ಅಂದಕ್ಕಾಗಿ ಮಾಡುವ ಕ್ರಿಯೆ. ನಾವು ಹೇಳುತ್ತಿರುವುದು ಜಠರ ಕರುಳುಗಳ ಶಸ್ತ್ರಚಿಕಿತ್ಸೆ. ಮಧುಮೇಹ, ರಕ್ತದೊತ್ತಡ, ನಿದ್ರೆಯಲ್ಲಿ ಉಸಿರು ಕಟ್ಟುವ ವ್ಯಾಧಿ ಮುಂತಾದವುಗಳಿಂದ ಬಳಲುವವರಿಗಾಗಿ ಇರುವುದು. ನಿತಿನ್ ಗಡ್ಕರಿಯವರು ೨೦೧೧ರಲ್ಲಿ, ದಿವಂಗತ ಅರುಣ್ ಜೇಟ್ಲಿಯವರು ೨೦೧೪ರಲ್ಲಿ ಮಾಡಿಸಿಕೊಂಡದ್ದು ಇದನ್ನು. ಇದರಲ್ಲಿಯೂ ಅಪಾಯವಿಲ್ಲವೆಂದಲ್ಲ. ಆದರೆ ಎರಡನ್ನೂ ಒಂದೇ ಎಂದು ತಿಳಿದು ಹೆದರಿಸುವುದೂ ಬೇಡ, ಒಂದೇ ಎಂದು ತಿಳಿದು ಸುಲಭವಾಗಿ ಹೊರಡುವುದೂ ಬೇಡ.

ಯಾರಿಗೆ ಇದು ತಕ್ಕದ್ದೆಂಬುದನ್ನು ವೈದ್ಯರು ತೂಕವನ್ನು (ಕಿಲೋಗ್ರಾಂಗಳಲ್ಲಿ) ಎತ್ತರದ (ಮೀಟರುಗಳಲ್ಲಿ) ವರ್ಗದಿಂದ ಭಾಗಿಸಿ ನೋಡುತ್ತಾರೆ. ನನ್ನ ಸೋದರಸೊಸೆಯ ತೂಕ ೧೦೪ ಕಿಲೋ, ಎತ್ತರ ೧.೫೮ ಮೀಟರು, ಭಾಗಲಬ್ಧ ಸುಮಾರು ೪೧.೭. ಜೊತೆಗೆ ಮಧುಮೇಹ. ೧೯೯೧ರಲ್ಲಿ ಅಮೆರಿಕದ ತಜ್ಞರು ಗೊತ್ತುಮಾಡಿದ ಮಿತಿ ೪೦. ಜೊತೆಗೆ ಗಂಭೀರ ಕಾಯಿಲೆಯಿದ್ದರೆ ೩೫. ೨೦೨೨ರಲ್ಲಿ ಈ ಮಿತಿಯನ್ನು ೩೫ಕ್ಕೆ ಇಳಿಸಿ, ಏಷ್ಯಾದ ಜನರಿಗೆ ಇನ್ನೂ ಕಡಿಮೆ ಮಿತಿ ಸಾಕೆಂದರು. ಆದರೆ ನಮ್ಮ ವಿಮಾನಿಯಂತ್ರಣ ಪ್ರಾಧಿಕಾರ ೨೦೧೯ರಲ್ಲಿ ಹೊರಡಿಸಿದ ನಿಯಮದಲ್ಲಿ ೧೮ ವರ್ಷ ತುಂಬಿರಬೇಕು, ಸಂಖ್ಯೆ ೪೦ ಇರಬೇಕು, ಇಲ್ಲವೇ ೩೫ ಇದ್ದು ಹೃದ್ರೋಗ, ತೀವ್ರವಾದ ನಿದ್ರಾ ಉಸಿರುಕಟ್ಟು, ಹತೋಟಿಗೆ ಬಾರದ ಮಧುಮೇಹಗಳಂತಹ ಕಾಯಿಲೆ ಇರಬೇಕೆಂಬ ಷರತ್ತಿತ್ತು. ವಿಮೆ ಮಾಡಿಸಿದವರು ಆಸ್ಪತ್ರೆ ಸೇರುವ ಮೊದಲೇ ಪಾಲಿಸಿಯ ಕಾಗದವನ್ನು ಓದಿಕೊಳ್ಳಲಿ. ೨೦೨೫ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳ ವಿಚಾರ ಬೇರೆಯೇ ಲೇಖನಕ್ಕಾಗುವಷ್ಟಿದೆ. ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ.

ಇನ್ನು ಊಟದ ಮಾತು. ಶಸ್ತ್ರಚಿಕಿತ್ಸೆಯಾದ ಮೊದಲ ಒಂದೆರಡು ದಿನ ನೀರು, ಎಳನೀರು, ಸೋಸಿದ ತಿಳಿಯಾದ ಬೇಳೆಕಟ್ಟು ಇಷ್ಟೇ. ಅದೂ ಗುಟುಕು ಗುಟುಕಾಗಿ. ಆಮೇಲೆ ಸುಮಾರು ಎರಡು ವಾರ ಹಾಲು, ಮಜ್ಜಿಗೆ, ಸೋಸಿದ ಹೆಸರುಬೇಳೆ ಕಟ್ಟು ಮುಂತಾದ ದ್ರವಾಹಾರ. ಮೂರನೆಯ ನಾಲ್ಕನೆಯ ವಾರಗಳಲ್ಲಿ ನುಣ್ಣಗೆ ಅರೆದದ್ದು: ಬೇಳೆ, ಬೇಯಿಸಿದ ತರಕಾರಿ, ಮಸೆದ ಪನೀರು, ಗಟ್ಟಿಮೊಸರು. ಐದು ಆರನೆಯ ವಾರಗಳಲ್ಲಿ ಮೆತ್ತನೆಯದು: ಇಡ್ಲಿ, ಬೇಳೆಯಲ್ಲಿ ಬೆಂದ ಮಿದುವಾದ ತರಕಾರಿ. ಆರರಿಂದ ಎಂಟು ವಾರಗಳ ನಂತರ ಮನೆಯ ಊಟ. ಇದು ಸಾಮಾನ್ಯ ಕ್ರಮ. ಅವರವರ ವೈದ್ಯರು ಒಂದು ವಾರ ಹಿಂದೆ ಮುಂದೆ ಮಾಡಬಹುದು, ಅವರ ಮಾತೇ ಪ್ರಮಾಣ. ಒಳಗಿನ ಹೊಲಿಗೆಗಳು ಮಾಯುವ ಕಾಲವಿದು. "ಇಷ್ಟಾದರೆ ಶಕ್ತಿ ಎಲ್ಲಿಂದ ಬರಬೇಕು" ಎಂದು ಮರುಗುವ ತಾಯಂದಿರು ಅನ್ನ ಕಲಸಿ ಬಾಯಿಗಿಡುವ ಸಾಹಸಕ್ಕೆ ಹೋಗಬಾರದು.

ಮನೆಯೂಟ ಎಂದೊಡನೆ ನಮ್ಮ ಸೀಮೆಯವರಿಗೆ ಎದುರಾಗುವ ಮೊದಲ ತೊಡಕು ರಾಗಿಮುದ್ದೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಅಗಿದು ತಿನ್ನುವವನನ್ನು ನಮ್ಮ ತುಮಕೂರಿನ ಕಡೆ ನಗುತ್ತಾರೆ. ಆದರೆ ಕಿರಿದಾದ ಜಠರದ ಮೊದಲ ನಿಯಮವೇ ತುತ್ತನ್ನು ಇಪ್ಪತ್ತು ಮೂವತ್ತು ಸಲ ಅಗಿದು ನೀರಾಗಿಸಿ ನುಂಗಬೇಕೆಂಬುದು. ನುಂಗಿದ ಮುದ್ದೆ ಆ ಕಿರುದಾರಿಯಲ್ಲಿ ಸಿಕ್ಕಿಕೊಂಡರೆ ಎದೆಯಲ್ಲಿ ಕಲ್ಲು ಕೂತಂತಾಗಿ ವಾಂತಿಯಾಗುವವರೆಗೂ ಬಿಡದು. ರಾಗಿಯಲ್ಲಿ ದೋಷವಿಲ್ಲ, ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರೆ ಯಾವ ಧಾನ್ಯದಲ್ಲಿಯೂ ಅಷ್ಟಿಲ್ಲ. ಆದ್ದರಿಂದ ಮಜ್ಜಿಗೆ ಬೆರೆಸಿದ ಅಂಬಲಿಯಾಗಿ, ತೆಳುದೋಸೆಯಾಗಿ ಸೇವಿಸಬಹುದು. ಉತ್ತರದ ಕಡೆಯ ಬಂಧುಗಳ ಖಟಕು ಜೋಳದ ರೊಟ್ಟಿಯೂ ಮೊದಲ ತಿಂಗಳುಗಳಲ್ಲಿ ಸಲ್ಲದು. ಬಿಸಿ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಸ್ವಲ್ಪ ಸ್ವಲ್ಪವೇ ಅಗಿಯಬೇಕು. ಅನ್ನ ಒಳಗೆ ಹೋಗಿ ಹಿಗ್ಗುತ್ತದೆ, ಮೈದಾಹಿಟ್ಟಿನ ಬ್ರೆಡ್ಡು ಅಂಟಾಗುತ್ತದೆ. ಇವು ತಟ್ಟೆಯಲ್ಲಿ ಕಡೆಯ ಸ್ಥಾನದಲ್ಲಿರಲಿ.

ಮೊದಲ ಸ್ಥಾನ ಸಸಾರಜನಕಕ್ಕೆ, ಎಂದರೆ ಪ್ರೋಟೀನಿಗೆ. ದಿನಕ್ಕೆ ೬೦ರಿಂದ ೮೦ ಗ್ರಾಂ ಬೇಕು. ಇದು ಸಿಗದಿದ್ದರೆ ಶರೀರ ಕೊಬ್ಬಿನ ಜೊತೆಗೆ ತನ್ನ ಮಾಂಸಖಂಡವನ್ನೂ ಕರಗಿಸಿಕೊಳ್ಳುತ್ತದೆ. ತೂಕ ಇಳಿಯುತ್ತದೆ, ಬಲವೂ ಇಳಿಯುತ್ತದೆ. ಮೊಟ್ಟೆ ಮಾಂಸ ಮುಟ್ಟದ ನಮ್ಮ ಮನೆಗಳಲ್ಲಿ ಈ ಲೆಕ್ಕ ತುಂಬುವುದು ಸುಲಭವಲ್ಲ. ಅರ್ಧ ಲೀಟರು ಹಾಲು ಮೊಸರಿನಿಂದ ಸುಮಾರು ೧೬ ಗ್ರಾಂ, ನೂರು ಗ್ರಾಂ ಪನೀರಿನಿಂದ ೧೮, ಅರವತ್ತು ಗ್ರಾಂ ಬೇಳೆಯಿಂದ ೧೪, ಇಪ್ಪತ್ತು ಗ್ರಾಂ ಒಣ ಸೋಯಾ ಉಂಡೆಯಿಂದ ೧೦ ಗ್ರಾಂ ಎಂದು ಕೂಡಿಸಿದರೂ ೫೮ ಆಗುತ್ತದೆಯಷ್ಟೆ. ಇಷ್ಟನ್ನು ಒಂದು ಹೊತ್ತಿಗೆ ಅರ್ಧ ಬಟ್ಟಲು ಹಿಡಿಯದ ಹೊಟ್ಟೆಗೆ ದಿನಕ್ಕೆ ಐದಾರು ಸಲ ಹಂಚಿ ಕೊಡಬೇಕು. ಅದಕ್ಕೇ ಮೊದಲ ತಿಂಗಳುಗಳಲ್ಲಿ ವೈದ್ಯರು ಪ್ರೋಟೀನ್ ಪುಡಿಯನ್ನು ಬರೆದುಕೊಡುತ್ತಾರೆ. ಹಾಲೊಡಕಿನಿಂದ ತಯಾರಿಸಿದ ಪುಡಿ ಸಸ್ಯಾಹಾರಿಗಳಿಗೆ ಸಲ್ಲುವಂತಹುದೇ. ಡಬ್ಬಿಯ ಮೇಲಿನ ಹಸಿರು ಗುರುತನ್ನು ನೋಡಿಕೊಂಡರಾಯಿತು. ನನ್ನ ಮನೆಯವರು ಮಡಿವಾಳ ಮಾರುಕಟ್ಟೆಯಿಂದ ಚಳಿಗಾಲದಲ್ಲಿ ಅವರೆಕಾಯಿ ತಂದು ಹಿತಕಿದ ಬೇಳೆಯನ್ನು ಮೆತ್ತಗೆ ಬೇಯಿಸಿ, ಖಾರ ತಗ್ಗಿಸಿ ಆಕೆಗೆ ಕಳುಹಿಸತೊಡಗಿದರು. ಸಿಪ್ಪೆಯಿಲ್ಲದ ಆ ಬೇಳೆ ಆಕೆಯ ಹೊಟ್ಟೆಗೆ ಚೆನ್ನಾಗಿ ಒಗ್ಗಿತು.

ನೀರಿನ ವಿಚಾರದಲ್ಲಿ ಒಂದು ಕಟ್ಟುನಿಟ್ಟು. ದಿನಕ್ಕೆ ಒಂದೂವರೆ ಎರಡು ಲೀಟರು ಹೋಗಲೇಬೇಕು. ಆದರೆ ಊಟದ ಜೊತೆಗೆ ಕುಡಿಯಬಾರದು. ಉಂಡ ಮೇಲೆ ಅರ್ಧ ಗಂಟೆ ಬಿಡಬೇಕು. ಪುಟ್ಟ ಚೀಲದಲ್ಲಿ ನೀರೂ ಅನ್ನವೂ ಸೇರಿದರೆ ಒಂದೋ ಮೇಲಕ್ಕೆ ಬರುತ್ತದೆ, ಇಲ್ಲವೇ ಆಹಾರವನ್ನು ಬೇಗನೆ ಕೆಳಕ್ಕೆ ತಳ್ಳುತ್ತದೆ.

ಇಲ್ಲಿಯೇ ನಮ್ಮ ಸಂಪ್ರದಾಯದ ಪ್ರಶ್ನೆ ಎದ್ದುನಿಲ್ಲುತ್ತದೆ. ತಟ್ಟೆಗೆ ಬಿದ್ದ ಪ್ರಸಾದದ ಒಂದಗುಳನ್ನೂ ಬಿಡದೆ, ಕಡೆಯಲ್ಲಿ ತಟ್ಟೆ ತೊಳೆದ ನೀರನ್ನೂ ಸೇವಿಸುವುದು ನಮ್ಮಲ್ಲಿನ ಆಚಾರ. ಮಠದಲ್ಲಿದ್ದಾಗ ನಮ್ಮ ಪಂಕ್ತಿಯ ಕೊನೆಯಲ್ಲಿ ತಟ್ಟೆಗಳು ತೊಳೆದಿಟ್ಟಂತೆ ಹೊಳೆಯುತ್ತಿದ್ದವು. ಆ ಶಿಸ್ತಿನಲ್ಲಿ ಬೆಳೆದವರಿಗೆ ತಟ್ಟೆಯಲ್ಲಿ ಬಿಡುವುದೆಂದರೆ ಪಾಪಭೀತಿ, ತಿಂದರೆ ವಾಂತಿ. ನನ್ನ ಸೋದರಸೊಸೆ ಮದುವೆಗಳಿಗೆ, ದಾಸೋಹಕ್ಕೆ, ಕೊನೆಗೆ ತನ್ನ ತವರಿನ ಜಾತ್ರೆಗೂ ಹೋಗದೆ ಮನೆಯಲ್ಲಿ ಕುಳಿತದ್ದು ಇದೇ ಇಕ್ಕಟ್ಟಿನಿಂದ. ತೂಕ ಇಳಿಯುತ್ತಿತ್ತು, ಮಧುಮೇಹದ ಮಾತ್ರೆ ಅರ್ಧಕ್ಕಿಳಿದಿತ್ತು, ಆದರೆ ನಾಲ್ಕು ಜನರ ನಡುವೆ ಕೂತು ಉಣ್ಣುವ ಸುಖ ಹೋಗಿತ್ತು. ಇದು ಸಣ್ಣ ನಷ್ಟವೆಂದು ನಾನು ತಿಳಿಯಲಾರೆ.

ನಾನು ಬಹಳ ಯೋಚಿಸಿದೆ. ನಮ್ಮ ಗುರುಗಳು ಕಾಯಿಲೆಯ ವಿದ್ಯಾರ್ಥಿಗಳಿಗೆ ಬೇರೆಯಾಗಿ ಗಂಜಿ ಮಾಡಿಸಿ ಅದೇ ಪಂಕ್ತಿಯಲ್ಲಿ ಕೂರಿಸುತ್ತಿದ್ದುದು ನೆನಪಾಯಿತು. ಅವರಿಗೆ ಬಡಿಸುವವನು ಸೌಟನ್ನು ಮುಂದೆ ಚಾಚುವ ಮೊದಲು ಕೇಳಬೇಕಿತ್ತು. ಕೇಳದೆ ಬಡಿಸಿದರೆ ಬಡಿಸಿದವನಿಗೇ ಗದರಿಕೆ. ಅರ್ಪಿತವಾದುದು ಪ್ರಸಾದ; ಅದರ ಹಿರಿಮೆ ಅಳತೆಯಲ್ಲಿಲ್ಲ. ಒಂದು ಚಮಚ ಅನ್ನವೂ ಪ್ರಸಾದವೇ. ಪೋಲಾಗುವುದು ಉಣ್ಣುವವರ ಕೈಯಿಂದಲ್ಲ, ಕೇಳದೆ ಸುರಿಯುವ ಸೌಟಿನಿಂದ. ತುಮಕೂರು ಸಿದ್ಧಗಂಗೆಯಲ್ಲಿ ನಿತ್ಯವೂ ಸಾವಿರಾರು ಮಕ್ಕಳಿಗೆ ಅನ್ನವಿಕ್ಕಿದ ಶ್ರೀ ಶಿವಕುಮಾರ ಸ್ವಾಮಿಗಳು ೨೦೧೯ರಲ್ಲಿ ಲಿಂಗೈಕ್ಯರಾಗುವವರೆಗೂ, ೧೧೧ ವರ್ಷಗಳ ಬಾಳಿನಲ್ಲಿ, ಸ್ವತಃ ಎಂತಹ ಮಿತಾಹಾರಿಗಳಾಗಿದ್ದರೆಂಬುದು ನಾಡಿಗೇ ಗೊತ್ತು.

ಆದುದರಿಂದ ನಮ್ಮ ಮನೆಯಲ್ಲಿ ಹೀಗೆ ಮಾಡಿಕೊಂಡೆವು. ಆಕೆಗೆ ತಟ್ಟೆಯ ಬದಲು ಪೂಜೆಯ ಬಟ್ಟಲಿನಷ್ಟೇ ಇರುವ ಬೆಳ್ಳಿಯ ಬಟ್ಟಲು. ತನಗೆ ಬೇಕಾದುದನ್ನು ಬೇಕಾದಷ್ಟು ಆಕೆಯೇ ಬಡಿಸಿಕೊಳ್ಳುತ್ತಾಳೆ. ಮೊದಲು ಬೇಳೆ ಪನೀರು, ಆಮೇಲೆ ಪಲ್ಯ, ಕಡೆಗೆ ಅನ್ನ. ಇಪ್ಪತ್ತು ನಿಮಿಷ ಎಲ್ಲರೊಂದಿಗೆ ಕುಳಿತು ನಿಧಾನವಾಗಿ ಉಣ್ಣುತ್ತಾಳೆ. ಬಟ್ಟಲು ತೊಳೆದ ನೀರು ಮೂರು ಚಮಚವಿದ್ದರೆ ಹೆಚ್ಚು. ಅದನ್ನು ಮುಚ್ಚಿಟ್ಟು ಅರ್ಧ ಗಂಟೆಯ ಮೇಲೆ ಸೇವಿಸುತ್ತಾಳೆ. ಸಿಹಿಯಿದ್ದರೆ ಕಣ್ಣಿಗೊತ್ತಿಕೊಂಡು ಮಗನ ತಟ್ಟೆಗೆ ಹಾಕುತ್ತಾಳೆ. ಇದು ಶಾಸ್ತ್ರಕ್ಕೆ ಸರಿಯೇ ಎಂದು ಒಬ್ಬ ಹಿರಿಯರು ನನ್ನನ್ನು ಕೇಳಿದರು. ಸರಿಯೆಂದೇ ನನ್ನ ತೀರ್ಮಾನ; ಒಪ್ಪದವರು ತಮ್ಮ ಗುರುಗಳನ್ನು ಕೇಳಬಹುದು. ಉಪವಾಸದ ವಿಚಾರದಲ್ಲಿ ಮಾತ್ರ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಶಿವರಾತ್ರಿಯ ನಿರಶನ ಮೊದಲ ವರ್ಷದಲ್ಲಿ ಸಲ್ಲದು. ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರಿಗಂತೂ ಅಪಾಯಕರ.

ಮಾತ್ರೆಗಳ ವಿಚಾರದಲ್ಲಿ ನಮ್ಮವರು ತೋರುವ ಅಸಡ್ಡೆಯನ್ನು ನೋಡಿ ನನಗೆ ಸಿಟ್ಟು ಬರುತ್ತದೆ. "ಗುಣವಾಯಿತಲ್ಲ, ಇನ್ನೆಷ್ಟು ದಿನ ಮಾತ್ರೆ" ಎಂದು ಆರು ತಿಂಗಳಿಗೇ ಬಿಟ್ಟುಬಿಡುತ್ತಾರೆ. ಇವು ಬಾಳಿನುದ್ದಕ್ಕೂ ಬೇಕಾದವು. ಬಿ-೧೨ ಜೀವಸತ್ವ ಸಸ್ಯಗಳಲ್ಲಿ ಇಲ್ಲವೇ ಇಲ್ಲ. ಹಾಲು ಮೊಸರುಗಳಲ್ಲಿ ಸ್ವಲ್ಪ ಇದೆ. ಶಸ್ತ್ರಚಿಕಿತ್ಸೆಯಿಲ್ಲದ ಸಸ್ಯಾಹಾರಿಗಳಲ್ಲಿಯೇ ಅದರ ಕೊರತೆ ಸಾಮಾನ್ಯವಾಗಿರುವಾಗ, ಅದನ್ನು ಹೀರಿಕೊಳ್ಳಲು ನೆರವಾಗುವ ಜಠರವೇ ದೂರವಾದವರ ಗತಿಯೇನು? ಕಾಲು ಜೋಮು ಹಿಡಿಯುವುದು, ಮರೆವು, ರಕ್ತಹೀನತೆ ಇದರ ಫಲ. ನಿತ್ಯ ೩೫೦ರಿಂದ ೧೦೦೦ ಮೈಕ್ರೋಗ್ರಾಂ ಮಾತ್ರೆ, ಇಲ್ಲವೇ ತಿಂಗಳಿಗೊಮ್ಮೆ ಚುಚ್ಚುಮದ್ದು. ಕ್ಯಾಲ್ಸಿಯಂ ದಿನಕ್ಕೆ ೧೨೦೦ರಿಂದ ೧೫೦೦ ಮಿಲಿಗ್ರಾಂ, ಹಂಚಿಕೊಂಡು; ಅದರ ಜೊತೆಗೆ ಡಿ ಜೀವಸತ್ವ. ಮುಟ್ಟಾಗುವ ಹೆಣ್ಣುಮಕ್ಕಳಿಗೆ ಕಬ್ಬಿಣದ ಮಾತ್ರೆ ಹೆಚ್ಚು ಅಗತ್ಯ. ಕಬ್ಬಿಣವನ್ನೂ ಕ್ಯಾಲ್ಸಿಯಮನ್ನೂ ಒಟ್ಟಿಗೆ ನುಂಗಿದರೆ ಒಂದು ಮತ್ತೊಂದನ್ನು ತಡೆಯುತ್ತದೆ. ಎರಡು ಗಂಟೆಯ ಅಂತರವಿರಲಿ. ಚಹಾದ ಜೊತೆಗೆ ಕಬ್ಬಿಣ ಬೇಡ. ಮೂರು, ಆರು, ಹನ್ನೆರಡು ತಿಂಗಳಿಗೆ ರಕ್ತಪರೀಕ್ಷೆ. ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ.

ವಾಂತಿಯನ್ನು ಎಂದಿಗೂ ಹಗುರವಾಗಿ ಎಣಿಸಬಾರದು. ಹಲವು ದಿನ ಬಿಡದೆ ವಾಂತಿಯಾದರೆ ಬಿ-೧, ಎಂದರೆ ಥಯಾಮಿನ್, ಶರೀರದಲ್ಲಿ ಬರಿದಾಗಿ ಮಿದುಳು ನರಗಳಿಗೆ ಶಾಶ್ವತ ಹಾನಿಯಾಗಬಹುದು. ಕಣ್ಣು ಮಂಜಾಗುವುದು, ನಡಿಗೆ ತಪ್ಪುವುದು, ಮಾತು ಗೊಂದಲವಾಗುವುದು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮೈಕೈ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವ ಅಭ್ಯಾಸವೂ ಬೈಪಾಸ್ ಆದವರಿಗೆ ಅಪಾಯ. ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಮಕ್ಕಳಾಗಬೇಕೆಂದಿರುವವರು ಒಂದರಿಂದ ಒಂದೂವರೆ ವರ್ಷ ಕಾಯಬೇಕು. ಅತ್ತೆಮನೆಯವರು ಅವಸರಪಡಿಸದಿರಲಿ.

ಮೂರು ನಾಲ್ಕನೆಯ ತಿಂಗಳಿನಲ್ಲಿ ಕೂದಲು ಉದುರುತ್ತದೆ. ಬಾಚಣಿಗೆಯ ತುಂಬ ಬಂದ ಕೂದಲನ್ನು ಹಿಡಿದು ನನ್ನ ಸೋದರಸೊಸೆ ಅತ್ತದ್ದುಂಟು. ತೂಕ ವೇಗವಾಗಿ ಇಳಿದಾಗ ಹೀಗಾಗುವುದು ಸಹಜ. ಪೋಷಣೆ ಸರಿಯಿದ್ದರೆ ಬಹುಮಟ್ಟಿಗೆ ಮತ್ತೆ ಬೆಳೆಯುತ್ತದೆ. ಮುಖ ಇಳಿಬೀಳುತ್ತದೆ, ಚರ್ಮ ಜೋಲುತ್ತದೆ. ಆಗ ನಮ್ಮ ಜನರ ಬಾಯಿ ಸುಮ್ಮನಿರುವುದಿಲ್ಲ: "ಏನವ್ವಾ, ಏನು ಕಾಯಿಲೆ? ಹೀಗಾಗಿಬಿಟ್ಟಿದ್ದೀ!" ದಪ್ಪಗಿದ್ದಾಗ ಆಡಿಕೊಂಡವರೇ ತೆಳ್ಳಗಾದಾಗ ಮರುಗುತ್ತಾರೆ. ಇನ್ನು ಕೆಲವರು "ಕಾಸು ಕೊಟ್ಟು ಕೊಯ್ಯಿಸಿಕೊಂಡು ಇಳಿಸಿದ್ದು" ಎಂದು ಮೂಗು ಮುರಿಯುತ್ತಾರೆ. ಒಂದು ತುತ್ತನ್ನು ಮೂವತ್ತು ಸಲ ಅಗಿದು, ಗಡಿಯಾರ ನೋಡಿ ನೀರು ಕುಡಿದು, ದಿನವೂ ಮಾತ್ರೆಗಳನ್ನು ಹೊತ್ತು ಹೊತ್ತಿಗೆ ನುಂಗುವವರ ಕಷ್ಟವನ್ನು ಅವರು ಒಂದು ವಾರ ಪಟ್ಟು ನೋಡಲಿ.

ಎರಡು ವರ್ಷದ ನಂತರ ತೂಕ ಮತ್ತೆ ಏರುವ ಸಂಭವವಿದೆ ಎಂಬುದನ್ನು ವೈದ್ಯರು ಒತ್ತಿ ಹೇಳಿದ್ದಾರೆ. ಪುಟ್ಟ ಜಠರವೂ ಚಕ್ಕುಲಿ, ಕೋಡುಬಳೆ, ಐಸ್‌ಕ್ರೀಮು, ಸಿಹಿ ಪಾನೀಯಗಳನ್ನು ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಒಳಗೆ ಬಿಟ್ಟುಕೊಳ್ಳಬಲ್ಲದು. ಮದ್ಯಪಾನವಂತೂ ಇವರಿಗೆ ಬಹುಬೇಗ ನೆತ್ತಿಗೇರುತ್ತದೆ. ನಮ್ಮ ಯುವಕರಲ್ಲಿ ಅದು ಇಲ್ಲವೆಂದು ನಟಿಸುವ ಕಾಲ ಹೋಯಿತು, ಅದಕ್ಕಾಗಿ ಬರೆಯುತ್ತಿದ್ದೇನೆ. ನಡಿಗೆ ನಿತ್ಯವೂ ಬೇಕು, ಜೊತೆಗೆ ಮಾಂಸಖಂಡಗಳಿಗೆ ಬಲ ಕೊಡುವ ವ್ಯಾಯಾಮ. ಆಕೆ ಬೆಳಗ್ಗೆ ಮಡಿವಾಳ ಕೆರೆಯ ದಂಡೆಯ ಮೇಲೆ ನಡೆಯುತ್ತಾಳೆ. ಮೊದಲು ಹತ್ತು ನಿಮಿಷಕ್ಕೇ ಏದುಸಿರು. ಈಗ ಮುಕ್ಕಾಲು ಗಂಟೆ. ನಾನೂ ಜೊತೆಗೆ ಹೋಗುತ್ತೇನೆ. ಅರ್ಧ ದಾರಿಯಲ್ಲಿ ಕಲ್ಲುಬೆಂಚಿನ ಮೇಲೆ ಕುಳಿತುಬಿಡುವವನು ನಾನೇ.

ಈ ವರ್ಷದ ಬಸವಜಯಂತಿಗೆ ಆಕೆ ತವರಿನವರೊಂದಿಗೆ ಮಠಕ್ಕೆ ಬಂದಳು, ದಾಸೋಹದ ಪಂಕ್ತಿಯಲ್ಲಿ ಕುಳಿತಳು. ತೂಕ ೭೬ ಕಿಲೋ. ಕೈಚೀಲದಲ್ಲಿ ಆ ಬೆಳ್ಳಿಯ ಬಟ್ಟಲಿತ್ತು. ಬಡಿಸುತ್ತಿದ್ದ ಹುಡುಗ ಪಾಯಸದ ಸೌಟು ಹಿಡಿದು ಅವಳ ಮುಂದೆ ನಿಂತ. "ನನಗೆ ಬೇಡಪ್ಪ, ಸ್ವಲ್ಪ ಬೇಳೆ ಹಾಕು" ಎಂದಳು, ನಗುತ್ತಲೇ. ಹುಡುಗ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಅವನು ಬೇಳೆಯ ಪಾತ್ರೆ ತರಲು ಹೋದ.